ಒಪ್ಪತ್ತಿನ ತಿಂಗಳು ಬಿಟ್ಟ ಗುಳಿಗೆ

ಮದುವೆಯಾದಂದಿನಿಂದ ಹೆಂಡತಿಯ ಮೇಲೆ ಒಮ್ಮೆಯೂ ಕೈ ಎತ್ತಿದವನಲ್ಲ ಅಣವೀರಪ್ಪ. ಅಂಥವನು ಶ್ರಾವಣದ ಕೊನೆಯ ಸೋಮವಾರ ಮಟಮಟ ಮಧ್ಯಾಹ್ನ, ಕಮಲಾಪುರದ ಮನೆಯ ಪಡಸಾಲೆಯಲ್ಲಿ, ಬಾಳೆಗೊನೆ ಕಡಿಯುವ ಕುಡಗೋಲು ಹಿಡಿದು ಚಂದಮ್ಮನ ಮೇಲೆ ಏರಿ ಬಂದ. ಅಡ್ಡ ಹಿಡಿದ ಅವಳ ಮೊಳಕೈ ಸೀಳಿತು. ಮಾರಾಟಕ್ಕೆ ಪೇರಿಸಿಟ್ಟ ಕೆಂಪು ಬಾಳೆಗೊನೆಗಳ ಮೇಲೆ ನೆತ್ತರು ಚಿಮ್ಮಿತು.

ಬಿಪಿ ಗುಳಿಗೆಯನ್ನು ಬೆಳಗಿನ ನಾಷ್ಟಾ ಆದಮೇಲೆ ನುಂಗಬೇಕೆಂದು ಡಾಕ್ಟರು ಹೇಳಿದ್ದರು. ಶ್ರಾವಣವೆಂದರೆ ಅವನಿಗೆ ಒಪ್ಪತ್ತು, ಸಂಜೆಯ ಪೂಜೆಯಾದ ಮೇಲೆ ಒಂದೇ ಊಟ. "ನಾಷ್ಟಾ ಇಲ್ಲಂದ್ರ ಗುಳಗಿನೂ ಇಲ್ಲ. ವ್ರತ ಕೆಡ್ತದ, ಅಮಾಸಿ ಆಗಲಿ ತಡಿ," ಎಂದು ಮಹಾಶಯ ಡಬ್ಬಿಯನ್ನು ದೇವರ ಜಗಲಿಯ ಮೇಲಿಟ್ಟುಬಿಟ್ಟಿದ್ದ. ಶಿವನೇನು ಗುಳಿಗೆ ಬೇಡ ಅಂದಿದ್ದನೆ? ನಿನ್ನೆಯಿಂದ ತಲೆ ಸಿಡಿಯುತ್ತಿತ್ತು, ಬೆಳಿಗ್ಗೆ ವಾಂತಿಯೂ ಆಯಿತು. ಉಪವಾಸದ ಪಿತ್ತವೆಂದು ನಿಂಬೆ ಶರಬತ್ತು ಕುಡಿದು ಮಲಗಿದ್ದ.

ಚೀರಾಟ ಕೇಳಿ ಮೈದುನ ದೇವೀಂದ್ರಪ್ಪ ಓಡಿಬಂದ. ಅಣ್ಣ ಕುಡಿದಿದ್ದಾನೆಂದೇ ತಿಳಿದು ಬಡಿಗೆಯಿಂದ ಬೆನ್ನಿಗೆ ಬಾರಿಸಿದ. ಕುಡಗೋಲು ಬಿತ್ತು. ಅವನನ್ನು ಕಂಬಕ್ಕೆ ಕಟ್ಟಿ ಮತ್ತೆ ಬಡಿಗೆ ಎತ್ತಿದ.

"ಶ್ರಾವಣದಾಗೂ ಕುಡದಾನ. ಇವತ್ತ ಇವನ ಸೊಕ್ಕ ಇಳಸ್ತೀನಿ."

ಅಣವೀರಪ್ಪ ತೊದಲಿದ. "ಚಂದೂ, ಲೈಟ್ ಹಾಕು. ಕತ್ತಲಾಗ ಯಾರೋ ಮನಿ ಹೊಕ್ಕಾರ."

ಬಿಸಿಲು ಅವನ ಮುಖದ ಮೇಲೇ ಬಿದ್ದಿತ್ತು. ಚಂದಮ್ಮ ನಡುವೆ ನುಗ್ಗಿದಳು, ಏಟು ಅವಳ ಹೆಗಲಿಗೆ ಬಿತ್ತು.

"ಬಡಗಿ ಇಳಸು ದೇವೀಂದ್ರಪ್ಪ. ಅವರಿಗಿ ಕಣ್ಣು ಕಾಣಾಕತ್ತಿಲ್ಲ. ಗಾಡಿ ತಗಿ."

ಕಲಬುರಗಿಯ ದಾರಿಯಲ್ಲಿ ಅವನಿಗೆ ಫಿಟ್ಸ್ ಬಂತು. ಹಲ್ಲಿಗೆ ಸಿಕ್ಕಿ ನಾಲಿಗೆ ಹರಿಯಿತು, ಕೈಕಾಲು ಬಡಿದು ಚಂದಮ್ಮನ ತುಟಿ ಒಡೆಯಿತು. ಅವಳು ಸೀಳಿದ ಕೈಯಿಂದಲೇ ಅವನ ತಲೆಯನ್ನು ತೊಡೆಗೆ ಅವುಚಿಕೊಂಡಳು. ಜೀವ ಉಳಿದರೆ ಸಾಕಿತ್ತು ಅವಳಿಗೆ.

ಕಲಬುರಗಿಯ ಜಗತ್ ಸರ್ಕಲ್ ಹತ್ತಿರದ ಆಸ್ಪತ್ರೆಯಲ್ಲಿ ಡಾಕ್ಟರ್ ಪಂಚಶೀಲಾ ಬಿಪಿ ನೋಡಿದರು, ತಲೆಯ ಸ್ಕ್ಯಾನ್ ಮಾಡಿಸಿದರು.

"ಕುಡದಿಲ್ಲರಿ ಇವರು. ಬಿಪಿ ಇನ್ನೂರಾ ಮೂವತ್ತು ದಾಟ್ಯದ, ಮಿದುಳಿಗಿ ಬಾವು ಬಂದದ. ಅದಕ್ಕ ಕಣ್ಣು ಹೋಗ್ಯಾವ, ಅದಕ್ಕ ಹಂಗ ಮಾಡ್ಯಾರ. ಇನ್ನಷ್ಟು ತಡ ಆಗಿದ್ರ ಉಳೀತಿರಲಿಲ್ಲ."

ದೇವೀಂದ್ರಪ್ಪ ಗೋಡೆಗೆ ಹಣೆ ಚಚ್ಚಿಕೊಂಡ.

ಒತ್ತಡವನ್ನು ಮೆಲ್ಲಮೆಲ್ಲಗೆ ಇಳಿಸಿದರು. ಕೆಲವು ದಿನಗಳಲ್ಲಿ ಕಣ್ಣು ಮರಳಿತು, ಆ ಮಧ್ಯಾಹ್ನದ ನೆನಪು ಮಾತ್ರ ಮರಳಲಿಲ್ಲ. ಹೆಂಡತಿಯ ಕೈಯ ಬ್ಯಾಂಡೇಜು ಕಂಡದ್ದೇ ಅಣವೀರಪ್ಪ ಕೆಂಡವಾದ.

"ಯಾರು ಹೊಡದ್ರು ನಿನಗ? ಹೆಸರು ಹೇಳು. ಅವನ ಕೈ ಕಡೀತೀನಿ."

ಅಷ್ಟು ದಿನ ತಡೆದಿದ್ದ ಅಳು ಚಂದಮ್ಮನಿಗೆ ಒತ್ತರಿಸಿ ಬಂತು. ಗುಳಿಗೆಯನ್ನು ಅವನ ಅಂಗೈಯಲ್ಲಿಟ್ಟಳು.

"ಇದನ್ನ ಬಿಟ್ಟವ ಹೊಡದಾನ್ರಿ."

ಅಣವೀರಪ್ಪ ತನ್ನ ಕೈಯನ್ನೇ ನೋಡುತ್ತ ಕುಳಿತ.