ತೊಟ್ಟಿಲು ಕಾಯಲು ತಂದ ಕ್ಯಾಮೆರಾ

ಹೋಳಿ ಹುಣ್ಣಿಮೆಗೆ ಇನ್ನು ಎಂಟು ದಿನ ಇರುವಾಗಲೇ ಯಳವತ್ತಿಯ ಹುಚ್ಚೀರಪ್ಪನಿಗೆ ಊಟ ಸೇರದಾಯಿತು. ಆ ಎಂಟು ದಿನ ಊರಿನಲ್ಲಿ ಕಟ್ಟಿಗೆ ಎನ್ನುವುದು ಯಾರ ಸ್ವತ್ತೂ ಅಲ್ಲ. ಕಾಮಣ್ಣನನ್ನು ಸುಡಲು ಕದ್ದ ಕಟ್ಟಿಗೆಯೇ ಆಗಬೇಕು, ಕೇಳಿ ತಂದದ್ದು ನಡೆಯುವುದಿಲ್ಲ. ಹೋದ ವರ್ಷ ಅವನ ಬಂಡಿಯ ನೊಗ ಹೋಗಿತ್ತು. ಅದರ ಹಿಂದಿನ ವರ್ಷ ಬಚ್ಚಲದ ಬಾಗಿಲು ಹೋಗಿ, ಮರುದಿನವೇ ಬೀಗರು ಬಂದು, ಆದ ಫಜೀತಿ ದೇವರಿಗೇ ಪ್ರೀತಿ.

ಈ ಸಲ ಅವನ ಜೀವವೆಲ್ಲ ತೊಟ್ಟಿಲಿನ ಮೇಲಿತ್ತು. ಮುತ್ತಜ್ಜನ ಕಾಲದ ಸಾಗವಾನಿ ತೊಟ್ಟಿಲು. ಎರಡು ಕಡೆ ಕಾಲು, ಮೇಲೊಂದು ಉದ್ದನೆಯ ಅಡ್ಡತೊಲೆ. ಹೊಸ ಮನೆಯ ಬಾಗಿಲಲ್ಲಿ ಹಿಡಿಸಲಿಲ್ಲವೆಂದು ಎಮ್ಮೆಯ ಕೊಟ್ಟಿಗೆಯಲ್ಲಿ ನಿಂತಿತ್ತು. ಮಗಳು ಭಾಗ್ಯಾ ಬಾಣಂತನಕ್ಕೆ ಬರುವವಳಿದ್ದಳು.

"ಯಪ್ಪಾ, ನಾ ಮಲಗಿದ ತೊಟ್ಟಿಲದಾಗ ನನ್ನ ಕೂಸು ಮಲಗಬೇಕು ನೋಡು," ಎಂದು ಫೋನಿನಲ್ಲಿ ಹೇಳಿದ್ದಳು. ಅಷ್ಟು ಸಾಕಾಯಿತು. ಹುಚ್ಚೀರಪ್ಪ ಕ್ಯಾಮೆರಾ ಹಾಕಿಸುವುದೆಂದು ತೀರ್ಮಾನಿಸಿದ.

ಕೊಟ್ಟಿಗೆಗೆ ತಂತಿ ಮೊದಲೇ ಇತ್ತು. ಹತ್ತು ವರ್ಷದ ಹಿಂದೆ ಅವನ ಹೆಂಡತಿ ಬೀರವ್ವ, ಎಮ್ಮೆ ಹಿಂಡುವ ಹೊತ್ತಿಗೇ ಧಾರಾವಾಹಿ ಬರುತ್ತದೆಂದು ಜಗಳ ತೆಗೆದು, ಕೊಟ್ಟಿಗೆಯಲ್ಲೂ ಒಂದು ಟಿವಿ ಇಡಿಸಿದ್ದಳು. ಕಥೆಯಲ್ಲಿ ಮನಸ್ಸಿಟ್ಟ ಬೀರವ್ವ ಒಮ್ಮೆ ಮೊಲೆ ಜೋರಾಗಿ ಎಳೆದಳು, ಎಮ್ಮೆ ಟಿವಿಗೆ ಒದೆಯಿತು. ಟಿವಿ ಹೋಗಿ ಕೇಬಲ್ ತಂತಿ ಉಳಿಯಿತು. ಪಡಸಾಲೆಯಿಂದ ಹೊರಟು, ಮನೆಗೆ ಪೂರ್ತಿ ಒಂದು ಸುತ್ತು ಹಾಕಿ, ಬೇವಿನ ಗಿಡ ಹಾಯ್ದು ಕೊಟ್ಟಿಗೆಗೆ ಬರುವ ತಂತಿ ಅದು. ಇಷ್ಟು ತಂತಿ ದಂಡ ಮಾಡಲು ಹುಚ್ಚೀರಪ್ಪನಿಗೆ ಮನಸ್ಸಿಲ್ಲ. ಕುಪ್ಪಸಕ್ಕೆ ಹೊಂದುವ ಅರಿವೆ ತರಲು ಹೆಂಗಸರು ಸೀರೆಯ ತುಂಡು ಒಯ್ಯುತ್ತಾರಲ್ಲ, ಹಾಗೆ ಅವನೂ ತಂತಿಯ ತುದಿ ಕೊಯ್ದು, ಸುರುಳಿ ಸುತ್ತಿ, ಲಕ್ಷ್ಮೇಶ್ವರದ ಬಸ್ಸು ಹತ್ತಿದ. ಅಂಗಡಿಯವನಿಗೆ ಸರಿಯಾಗಿ ಕಾಣಲೆಂದು ಎರಡು ಮಾರು ಕೊಯ್ದಿದ್ದ.

ಅಂಗಡಿಯ ಅಶ್ಫಾಕ ಸುರುಳಿಯನ್ನೂ ಅವನನ್ನೂ ನೋಡಿ, ಗೇಣುದ್ದ ತಂದಿದ್ದರೂ ಸಾಕಿತ್ತೆಂದ. ಮೊದಲು ತಂತಿಯೇ ಬೇಡದ ಕ್ಯಾಮೆರಾ ತೋರಿಸಿದ; ಹುಚ್ಚೀರಪ್ಪನಿಗೆ ಸಿಟ್ಟು ಬಂತು. ಆಮೇಲೆ ಹಳೆಯ ತಂತಿಗೇ ಹೊಂದುವ ನಾಲ್ಕು ಕ್ಯಾಮೆರಾ ಸಾಲಾಗಿ ಇಟ್ಟ. ಚಿತ್ರ ಹಿಡಿದಿಡುವ ಡಬ್ಬಿಯೂ ಕ್ಯಾಮೆರಾವೂ ಒಂದೇ ನಮೂನೆಯವು ಆಗಿರಬೇಕು, ಇಲ್ಲದಿದ್ದರೆ ಪರದೆ ಕಪ್ಪಗೆ ಕೂರುತ್ತದೆ ಎಂದು ತಿಳಿಹೇಳಿದ. ಹುಚ್ಚೀರಪ್ಪ ಇದನ್ನು ಒಪ್ಪಿದ, ಮದುವೆಯಲ್ಲೂ ಹಾಗೇ. ಗುಂಡು ಬುರುಡೆಯ ಕ್ಯಾಮೆರಾವನ್ನು ಬೇಡವೆಂದ. ಅದು ಯಾರನ್ನು ನೋಡುತ್ತಿದೆ ಎಂದೇ ತಿಳಿಯುವುದಿಲ್ಲ, ಕಳ್ಳನಿಗೆ ನಾಚಿಕೆ ಹೇಗೆ ಆಗಬೇಕು? ಉದ್ದ ಮೂತಿಯ ತಗಡಿನದನ್ನು ಆರಿಸಿ, ಮಳೆಗೆ ತಡೆಯುವುದೋ ಇಲ್ಲವೋ ಎಂದು ಅಲ್ಲೇ ಒಂದು ತಂಬಿಗೆ ನೀರು ಸುರಿದ. ಕತ್ತಲಲ್ಲಿ ಎಮ್ಮೆ ಕಾಣುತ್ತದೆಯೇ ಎಂದು ಮೂರು ಸಲ ಕೇಳಿದ.

ಮರುದಿನ ಅಶ್ಫಾಕ ಬಂದು, ಕರೆಂಟಿನ ಸಣ್ಣ ವೈರನ್ನು ಹಳೆಯ ತಂತಿಯ ಜೊತೆಗೇ ಕಟ್ಟುತ್ತ ಹೋಗಿ ನೋಡಿದರೆ, ತಂತಿ ಕೊಟ್ಟಿಗೆಗೆ ಸರಿಯಾಗಿ ಎರಡು ಮಾರು ಕಡಿಮೆ ಬಿತ್ತು.

ಒಂದು ಜೋಡಣಿ ಹಾಕಿದರೆ ಮುಗಿಯಿತು ಎಂದ ಅಶ್ಫಾಕ. ಹುಚ್ಚೀರಪ್ಪ ಸುತರಾಂ ಒಪ್ಪಲಿಲ್ಲ. ಹೊಲದ ಪೈಪು ಯಾವಾಗಲೂ ಜೋಡಣಿಯಲ್ಲೇ ಸೋರುವುದು, ಚಿತ್ರವೂ ಅಲ್ಲೇ ಸೋರುತ್ತದೆ. ತಂತಿ ಮುಗಿಯುವ ಕಡೆ ಅಂಗಳದಲ್ಲೇ ಒಂದು ಕಂಬ ನೆಟ್ಟರಾಯಿತು ಎಂದ. ಆದರೆ ಕಂಬ ಎಲ್ಲಿದೆ? ಎರಡು ವರ್ಷದಲ್ಲಿ ಮನೆಯ ಉದ್ದ ಕಟ್ಟಿಗೆಯೆಲ್ಲ ಕಾಮಣ್ಣನ ಪಾಲಾಗಿತ್ತು. ಕೊನೆಗೆ ಹುಚ್ಚೀರಪ್ಪ ತೊಟ್ಟಿಲಿನ ಅಡ್ಡತೊಲೆಯನ್ನೇ ಬಿಚ್ಚಿ ತಂದು ನೆಟ್ಟ.

"ಹೋಳಿ ಮುಗಿಯೂತನಕ ಅಷ್ಟ," ಎಂದು ಬೀರವ್ವನ ಬಾಯಿ ಮುಚ್ಚಿಸಿದ. "ಕ್ಯಾಮೆರಾ ಇದ್ದಲ್ಲಿ ಕೈ ಹಚ್ಚೂ ಧೈರ್ಯ ಯಾರಿಗೈತಿ?"

ಕ್ಯಾಮೆರಾಕ್ಕೆ ಎಲ್ಲವೂ ಕಾಣುತ್ತಿತ್ತು, ತಾನು ಕುಳಿತ ಕಂಬವೊಂದನ್ನು ಬಿಟ್ಟು.

ಆ ವಾರ ಗಂಡಹೆಂಡತಿ ಪಡಸಾಲೆಯ ಟಿವಿಯಲ್ಲಿ ತಮ್ಮದೇ ಕೊಟ್ಟಿಗೆ ನೋಡುತ್ತ ಕುಳಿತರು. ಓಣಿಯ ಹೆಂಗಸರೂ ಬಂದು ಸೇರಿಕೊಂಡರು. ಎಮ್ಮೆ ಮೆಲುಕು ಹಾಕುವಾಗ ಯಾರಾದರೂ ಮಾತಾಡಿದರೆ ಬೀರವ್ವನಿಗೆ ಸಿಟ್ಟು ಬರತೊಡಗಿತು.

ಹುಣ್ಣಿಮೆಯ ದಿನ ಮಧ್ಯಾಹ್ನ ಎಲ್ಲರೂ ನೋಡುತ್ತಿದ್ದಂತೆಯೇ ಎಮ್ಮೆ ತಲೆಕೆಳಗಾಯಿತು. ಆಮೇಲೆ ಆಕಾಶ ಬಂತು, ಬೇವಿನ ಗಿಡ ಬಂತು, ಯಾರದೋ ಹರಿದ ಚಪ್ಪಲಿ ಬಂತು. ಹೊರಗೆ ಗೋಡೆಯ ಮೊಳೆಗಳು ಪಟಪಟನೆ ಕಿತ್ತುಬಂದವು. ಹುಚ್ಚೀರಪ್ಪ ಓಡಿದ. ಮನೆ ಸುತ್ತಿದ್ದ ತಂತಿ ಬಿಚ್ಚಿಕೊಂಡು, ನೆಟ್ಟಗಾಗಿ, ಮನೆಯ ಮುಂದೆ ಓಣಿಗಳು ಸೇರುವ ಕೂಟಿನಲ್ಲಿದ್ದ ಕಾಮಣ್ಣನ ರಾಶಿಯವರೆಗೆ ಅಳತೆ ಮಾಡಿದ ಹಾಗೆ ಮುಟ್ಟಿತ್ತು. ರಾಶಿಯ ಮೇಲೆ ತೊಲೆ, ತೊಲೆಯ ತುದಿಗೆ ಕ್ಯಾಮೆರಾ. ಸುತ್ತ ಓಣಿಯ ಹಿರಿಯರು ನಗುತ್ತ ನಿಂತಿದ್ದರು. ಅವರ ಮುಂದಾಳು ಕಿರಾಣಿ ಅಂಗಡಿಯ ಗವಿಸಿದ್ದೇಶ. ವರ್ಷವಿಡೀ ಚಿಲ್ಲರೆ ಮರೆತು ಹೋದವರ ಮನೆಗೆ ಹೋಗಿ ಕೊಟ್ಟು ಬರುವ ಮನುಷ್ಯ, ಹೋಳಿಯಲ್ಲಿ ಹೆತ್ತಪ್ಪ ಮಲಗುವ ಹೊರಸನ್ನೂ ಬಿಡುವವನಲ್ಲ.

ರಾಶಿಗೆ ಬಿದ್ದದ್ದು ಕಾಮಣ್ಣನದು, ಮಾಲಕ ಕೇಳಿದರೆ ಕೊಡುವ ಪದ್ಧತಿಯಿಲ್ಲ ಎಂದ ಗವಿಸಿದ್ದೇಶ.

"ಅದು ತೊಟ್ಟಿಲದ ತೊಲಿ," ಎಂದ ಹುಚ್ಚೀರಪ್ಪ.

ಎಲ್ಲರ ನಗೆಯೂ ನಿಂತಿತು. "ತೊಟ್ಟಿಲಾ ಯಾರರ ಕದೀತಾರೇನ್ರಿ ಮಾಮಾ?" ಎಂದ ಗವಿಸಿದ್ದೇಶ, ನೊಂದವನ ಹಾಗೆ. "ಎಲ್ಲಾರೂ ಇಸಗೊಂಡು ಒಯ್ತಿದ್ರು, ನಾನೂ ಅದರಾಗ ಮಲಗೀನಿ. ಅದನ್ನ ಕಂಬಾ ಮಾಡಿ ನಿಲ್ಸಿದವರ್ಯಾರು?"

ಗವಿಸಿದ್ದೇಶ ಸ್ವಲ್ಪ ಹೊತ್ತು ಮೀಸೆ ತಿರುವಿದ.

"ಕೇಳಿದ್ರ ಕೊಡಾಕ ಬರಂಗಿಲ್ಲ," ಎಂದ. "ಕದ್ರ ಅದು ಬ್ಯಾರೆ ಮಾತು."

ಹಾಗೆಂದು ಬೆನ್ನು ತಿರುಗಿಸಿದ. ಉಳಿದವರೂ ತಿರುಗಿ, ಮೋಡವೇ ಇಲ್ಲದ ಆಕಾಶ ನೋಡುತ್ತ ಮಳೆಯ ಮಾತಾಡತೊಡಗಿದರು.

ಅರವತ್ತು ವರ್ಷದಲ್ಲಿ ಹುಚ್ಚೀರಪ್ಪ ಮಂದಿ ಹೊಲದ ಒಂದು ಕಡಲೆಗಿಡ ಕಿತ್ತವನಲ್ಲ. ಆ ಕಡೆ ನೋಡಿದ, ಈ ಕಡೆ ನೋಡಿದ, ನಾಲಿಗೆ ಕಚ್ಚಿ ತೊಲೆ ಎಳೆದ, ಹೆಗಲಿಗೆ ಹಾಕಿ, ಮುಂದಿನ ತುದಿಯ ಕ್ಯಾಮೆರಾ ಅವುಚಿ ಓಡಿದ. ತಂತಿ ಕಾಲಿಗೆ ತೊಡರಿ ಬಿದ್ದು ಮತ್ತೆ ಎದ್ದ. ಎಡಗಡೆ ಜಾಲಿಮುಳ್ಳು ಇದೆ, ನೋಡಿಕೊಂಡು ಓಡಬೇಕೆಂದು ಬೆನ್ನು ತಿರುಗಿಸಿದವರಲ್ಲೇ ಒಬ್ಬರು ಆಕಾಶಕ್ಕೆ ಹೇಳಿದರು.

ತೊಲೆ ಮನೆ ಸೇರಿದಾಗ ಬೀರವ್ವ ಇನ್ನೊಂದು ಸುದ್ದಿ ಹೇಳಿದಳು. ತೊಲೆ ಬಿಚ್ಚಿದ ತೊಟ್ಟಿಲು ಬಾಗಿಲಲ್ಲಿ ಸಲೀಸಾಗಿ ಹಿಡಿಸಿತ್ತು. ಅವಳು ಆಗಲೇ ಒಳಗೆ ತಂದಿಟ್ಟಿದ್ದಳು.

ಕದ್ದವರೆಲ್ಲ ಕಂಬದ ಹಿಂದಿನಿಂದ ಬಂದಿದ್ದರಿಂದ ಡಬ್ಬಿಯಲ್ಲಿ ಅವರ ಒಂದು ಮುಖವೂ ಇಲ್ಲ. ಸ್ಪಷ್ಟವಾಗಿ ಸಿಕ್ಕ ಕಳ್ಳ ಒಬ್ಬನೇ, ನಾಲಿಗೆ ಕಚ್ಚಿಕೊಂಡು ಕ್ಯಾಮೆರಾವನ್ನೇ ಅವುಚಿ ಓಡುತ್ತಿರುವ ಹುಚ್ಚೀರಪ್ಪ. ಇಷ್ಟು ಚೊಕ್ಕ ಕಳ್ಳ ತನ್ನ ಯಾವ ಗಿರಾಕಿಗೂ ಸಿಕ್ಕಿಲ್ಲವೆಂದು ಅಶ್ಫಾಕ ಆ ಚಿತ್ರವನ್ನು ಅಂಗಡಿಯಲ್ಲಿ ತೋರಿಸಲು ಕೇಳಿದ. ಅಳಿಸಿಬಿಡೆಂದು ಹುಚ್ಚೀರಪ್ಪ ಕೈಮುಗಿದ.

ಬಾಣಂತನಕ್ಕೆ ಬಂದ ಭಾಗ್ಯಾ ಎರಡಕ್ಕೂ ಒಪ್ಪಲಿಲ್ಲ. ಕೂಸು ಅತ್ತಾಗಲೆಲ್ಲ ತೊಟ್ಟಿಲು ತೂಗುತ್ತ ಟಿವಿಯಲ್ಲಿ ಅದನ್ನೇ ಹಚ್ಚುತ್ತಾಳೆ. "ನೋಡವಾ, ನಿನ್ನ ಸಲವಾಗಿ ಕಳವು ಮಾಡಿದ ಕಳ್ಳ. ನಿಮ್ಮಜ್ಜ."