ನಾಲ್ಕನೇ ಲೇನಿನ ಕೈ

ಪುಕ್ಕಟೆ ಕೆಲಸ ಮಾಡುವುದಕ್ಕೂ ತರಬೇತಿ ಬೇಕು, ಆ ತರಬೇತಿಗೆ ಬೇರೆಯವರು ದುಡ್ಡು ಹಾಕುತ್ತಾರೆ ಎಂದರೆ ಯಾರಾದರೂ ನಗುತ್ತಾರೆ. ಆದರೆ ಈಜುಕೊಳದ ಗಾಜಿನ ಬಾಗಿಲಿಗೆ ಅಂಟಿಸಿದ್ದ ಹಾಳೆ ಹೇಳುತ್ತಿದ್ದುದು ಅದನ್ನೇ. ಸ್ಪರ್ಧೆಗಳಿಗೆ ಸ್ವಯಂಸೇವಕ ತೀರ್ಪುಗಾರರು ಬೇಕು. ತರಬೇತಿಯ ಶುಲ್ಕ, ಬಿಳಿ ಅಂಗಿ, ಟೋಪಿ, ಸೀಟಿ ಎಲ್ಲವೂ ಕ್ಲಬ್ಬಿನ ಖರ್ಚು. ಬದಲಿಗೆ ಒಂದು ಹಂಗಾಮು ಬಂದು ಕೊಳದ ಅಂಚಿನಲ್ಲಿ ನಿಂತರೆ ಆಯಿತು.

"ಮಕ್ಕಳು ಈಜ್ತಾರಾ ಅಕ್ಕ?" ಎಂದು ಕೇಳಿದಳು ಟಿಕೆಟ್ ಕೊಡುವ ಹುಡುಗಿ.

"ಮಕ್ಕಳಿಲ್ಲ."

"ನೀವು ಈಜ್ತೀರಾ?"

"ನನಗೆ ನೀರು ಕಂಡ್ರೆ ಆಗಲ್ಲ."

ಹುಡುಗಿ ಹುಬ್ಬೇರಿಸಿದಳು. "ಮತ್ತೆ ಯಾಕಕ್ಕ ಈ ಉಸಾಬರಿ?"

"ನಿಂತ್ಕೊಂಡು ನೋಡೋ ಕೆಲಸ ತಾನೇ. ನೋಡೋಕೆ ಬರುತ್ತೆ," ಎಂದು ಅಕ್ಕ ಹೆಸರು ಬರೆಸಿದಳು. ಪರದೆ ಹೊಲಿಯುವ ಅಂಗಡಿಯಲ್ಲಿ ಅವಳನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಮಾಲೀಕನೂ ಹಾಗೇ, ಅವನಿಗೆ ಅವಳಿಗಿಂತ ಹತ್ತಾರು ವರ್ಷ ಹೆಚ್ಚಾಗಿದ್ದರೂ. ನಿಜವಾಗಿ ಅವಳನ್ನು ಅಕ್ಕ ಎನ್ನಬೇಕಾದವನು ಒಬ್ಬನೇ ಇದ್ದ. ಅವನು ಇದೇ ಕೊಳದಲ್ಲಿ ಸತ್ತಿದ್ದ.

ಅವನನ್ನು ಮನೆಯಲ್ಲಿ ಕರೆಯುತ್ತಿದ್ದುದು ಕಪ್ಪೆ ಅಂತ. ಎದೆ ಮುಂದು ಮಾಡಿ, ಕಾಲು ಅಗಲಿಸಿ ಒದೆಯುತ್ತ ಈಜುವ ಕಪ್ಪೆ ಈಜಿನಲ್ಲಿ ಆ ವಯಸ್ಸಿನ ಹುಡುಗರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಆ ಈಜಿಗೊಂದು ನಿಯಮವಿದೆ. ಗೋಡೆಯ ಹತ್ತಿರ ಬಂದು ತಿರುಗುವಾಗ ಎರಡೂ ಕೈ ಒಟ್ಟಿಗೇ ಗೋಡೆಗೆ ತಾಗಬೇಕು. ಒಂದೇ ಕೈ ತಾಗಿದರೆ ಆಟ ಅಲ್ಲಿಗೇ ಮುಗಿಯಿತು. ಕಪ್ಪೆ ತನ್ನ ಕೊನೆಯ ಸ್ಪರ್ಧೆಯ ದಿನ ಎಲ್ಲರಿಗಿಂತ ಮೊದಲು ಮುಟ್ಟಿ ನೀರಿನಿಂದ ತಲೆಯೆತ್ತಿದಾಗ ನಾಲ್ಕನೇ ಲೇನಿನ ತಿರುಗುವ ತುದಿಯಲ್ಲಿದ್ದ ತೀರ್ಪುಗಾರನ ಕೈ ಆಗಲೇ ಮೇಲಿತ್ತು. ಒಂದೇ ಕೈ, ಪಂದ್ಯದಿಂದ ಹೊರಗೆ, ಎಂದು ಸಾರಿಬಿಟ್ಟರು.

"ಎರಡೂ ಮುಟ್ಟಿಸಿದ್ದೆ," ಎಂದು ಹುಡುಗ ಊಟ ಬಿಟ್ಟು ಕೂತ. "ನೀನು ಎರಡೂ ಮುಟ್ಟಿಸಿದ್ದೆ ಕಂದಾ, ನಾನೇ ನೋಡಿದ್ದೀನಿ," ಎಂದಳು ಅಮ್ಮ. ಮರುದಿನ ಬೆಳಗ್ಗೆ, ಕೊಳದ ಬಾಗಿಲು ತೆಗೆಯುವ ಮೊದಲೇ ಅವನು ಕಾಂಪೌಂಡು ಹಾರಿ ಒಳಗೆ ಹೋಗಿದ್ದ. ತಿರುಗುವುದನ್ನು ಒಬ್ಬನೇ ಅಭ್ಯಾಸ ಮಾಡುತ್ತಿದ್ದನೋ ಏನೋ. ನೀರು ಬದಲಾಯಿಸಲು ಬಂದವರು ಕಂಡಾಗ ಅವನು ನಾಲ್ಕನೇ ಲೇನಿನ ಗೋಡೆಯ ಬುಡದಲ್ಲಿದ್ದ.

ಅಂದಿನಿಂದ ಆ ಮನೆಯಲ್ಲಿ ಕೊಳದ ಹೆಸರೆತ್ತುವಂತಿರಲಿಲ್ಲ. ಆದರೆ ಅಮ್ಮ ಯಾವುದೋ ಕೆಲಸದ ನಡುವೆ, ಗುಂಡಿ ಆರಿಸುವಾಗಲೋ ಸೂಜಿಗೆ ದಾರ ಪೋಣಿಸುವಾಗಲೋ, ಇದ್ದಕ್ಕಿದ್ದ ಹಾಗೆ "ಎರಡೂ ಮುಟ್ಟಿಸಿದ್ದ" ಎನ್ನುತ್ತಿದ್ದಳು. ಅಕ್ಕ "ಹೂಂ ಅಮ್ಮ" ಎನ್ನುತ್ತಿದ್ದಳು. ಇಷ್ಟು ವರ್ಷ ಹೂಂಗುಟ್ಟಿ ಹೂಂಗುಟ್ಟಿ ಅವಳಿಗೆ ಸಾಕಾಗಿತ್ತು. ಮುಟ್ಟಿಸಿದ್ದನೋ ಇಲ್ಲವೋ, ಅದೊಂದು ತಿಳಿಯದೆ ಅವನನ್ನು ನೆನೆಯುವುದಕ್ಕೂ ಆಗುತ್ತಿರಲಿಲ್ಲ, ಮರೆಯುವುದಕ್ಕೂ ಆಗುತ್ತಿರಲಿಲ್ಲ. ಅಂದು ಕೈ ಎತ್ತಿದ ಮನುಷ್ಯನೇ ಈಗ ತರಬೇತಿ ಕೊಡುತ್ತಾನೆ ಎಂದು ಗೊತ್ತಾದ ಮೇಲೆ ಅವಳು ಆ ಗಾಜಿನ ಬಾಗಿಲಿಗೆ ಬಂದಿದ್ದಳು. ಅಮ್ಮನಿಗೆ ಮಾತ್ರ "ಅಂಗಡೀಲಿ ಸಂಜೆ ಕೆಲಸ ಜಾಸ್ತಿ ಇದೆ" ಎಂದು ಹೇಳಿದ್ದಳು.

ತರಬೇತಿ ಕೊಡುವ ಅವರನ್ನು ಎಲ್ಲರೂ ಸೀಟಿ ಮೇಷ್ಟ್ರು ಎನ್ನುತ್ತಿದ್ದರು. ಕುತ್ತಿಗೆಯಲ್ಲಿ ಸದಾ ಸೀಟಿ ನೇತಾಡುತ್ತಿತ್ತು, ಮಲಗುವಾಗಲೂ ತೆಗೆಯುವುದಿಲ್ಲ ಎಂದು ಹುಡುಗರು ನಗುತ್ತಿದ್ದರು. ತೆಳ್ಳಗಿನ ಮುದುಕ, ಮಾತು ಕಡಿಮೆ. ಬಟ್ಟೆ ಬದಲಿಸುವ ಕೋಣೆಯ ಪಕ್ಕದ ರೂಮಿನಲ್ಲಿ, ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಕೂತ ಏಳೆಂಟು ಜನರಿಗೆ ಪಾಠ. ಕ್ಲೋರಿನ್ ವಾಸನೆ ಗೋಡೆಗೂ ಹತ್ತಿಬಿಟ್ಟಿತ್ತು. ಉಳಿದವರೆಲ್ಲ ಈಜುವ ಮಕ್ಕಳ ಅಪ್ಪ ಅಮ್ಮಂದಿರು, ಬಾಯಿಗೆ ಬಿಡುವಿಲ್ಲದವರು.

"ನಿಮ್ಮ ಲೇನ್ ಬಿಟ್ಟು ಬೇರೆ ಕಡೆ ನೋಡಬೇಡಿ," ಎಂದರು ಮೇಷ್ಟ್ರು. "ಪಕ್ಕದಲ್ಲಿ ಸ್ವಂತ ಮಗಳೇ ಈಜ್ತಿದ್ರೂ ನೋಡಬೇಡಿ. ತಪ್ಪು ಕಂಡ್ರೆ ಆ ಕ್ಷಣಾನೇ ಕೈ ಎತ್ತಿ. ತಡ ಮಾಡಿ ಎತ್ತಿದ್ರೆ ಲೆಕ್ಕಕ್ಕಿಲ್ಲ. ಇನ್ನೊಂದು. ಕಂಡ್ರೆ ಎತ್ತಿ. ಕಂಡ ಹಾಗಾಯ್ತು ಅಂತ ಎತ್ತಬೇಡಿ."

"ಎರಡಕ್ಕೂ ಏನು ವ್ಯತ್ಯಾಸ ಸರ್?" ಎಂದಳು ಅಕ್ಕ.

ಮೇಷ್ಟ್ರು ಅವಳನ್ನು ನೋಡಿದರು. ಗುರುತು ಸಿಕ್ಕಲಿಲ್ಲ. "ಮನೆಗೆ ಹೋದ ಮೇಲೆ ನಿದ್ದೆ ಬಂದ್ರೆ ಕಂಡಿದ್ದೀರಿ ಅಂತ," ಎಂದರು. ಅಪ್ಪ ಅಮ್ಮಂದಿರು ನಕ್ಕರು. ಮೇಷ್ಟ್ರು ನಗಲಿಲ್ಲ. ನಿಮಗೆ ನಿದ್ದೆ ಬರುತ್ತಾ ಎಂಬ ಪ್ರಶ್ನೆ ಅವಳ ನಾಲಿಗೆಯ ತುದಿಯವರೆಗೆ ಬಂದಿತ್ತು. ಹೋಗಲಿ, ಇನ್ನೊಂದು ದಿನ, ಎಂದು ನುಂಗಿಕೊಂಡಳು.

ಪಾಠ ಮುಗಿದ ಮೇಲೆ ಅಂಚಿನಲ್ಲಿ ನಿಂತು ಅಭ್ಯಾಸ. ಯಾರು ಎಲ್ಲಿ ನಿಲ್ಲಬೇಕೆಂದು ಮೇಷ್ಟ್ರೇ ಹೇಳುತ್ತಿದ್ದರು, ತಾವೂ ಒಂದು ಲೇನ್ ಹಿಡಿಯುತ್ತಿದ್ದರು. ಮೂರನೆಯದು, ಐದನೆಯದು, ಯಾವುದಾದರೂ ಸರಿ, ನಾಲ್ಕನೆಯದೊಂದನ್ನು ಬಿಟ್ಟು. ಅದಕ್ಕೆ ಅಕ್ಕ ತಾನಾಗಿಯೇ ಹೋಗಿ ನಿಂತಳು. ನೀರು ಕಂಡರೂ ಹಲ್ಲು ಕಚ್ಚಿ ನಿಂತಳು.

ಎರಡನೇ ವಾರದ ಒಂದು ಸಂಜೆ ಆ ಲೇನಿನಲ್ಲಿ ಯಾರೂ ಇರಲಿಲ್ಲ. ಆದರೂ ನಿಯಮದಂತೆ ಅವಳು ಖಾಲಿ ನೀರನ್ನೇ ನೋಡುತ್ತ ನಿಂತಿದ್ದಳು. ಬೇರೆ ಲೇನಿನ ಮಕ್ಕಳು ಬಂದು, ತಿರುಗಿ, ಹೋದರು. ಆಮೇಲೆ ನೋಡಿದರೆ ಅವಳ ಕಾಲ ಬುಡದಲ್ಲೇ, ನೀರಿನಿಂದ ಗೇಣುದ್ದ ಮೇಲೆ, ಒಣ ಟೈಲ್ಸಿನ ಮೇಲೆ ಒದ್ದೆ ಕೈಯ ಗುರುತಿತ್ತು. ಎಡಗೈ. ಚಿಕ್ಕದು. ಕಿರುಬೆರಳು ಉಳಿದ ಬೆರಳುಗಳಿಂದ ದೂರ ಸೊಟ್ಟಗೆ ನಿಂತಿತ್ತು.

ಆ ಬೆರಳು ಅವಳಿಗೆ ಗೊತ್ತಿತ್ತು. ಕಪ್ಪೆ ಸೈಕಲ್ಲಿನಿಂದ ಬಿದ್ದು ಕಿರುಬೆರಳು ಮುರಿದುಕೊಂಡಾಗ ಹಿಂದೆ ಸೀಟು ಹಿಡಿದುಕೊಂಡು ಓಡುತ್ತಿದ್ದವಳು ಅವಳೇ. ಆ ಬೆರಳು ಮತ್ತೆ ನೆಟ್ಟಗಾಗಲೇ ಇಲ್ಲ.

"ಅಲೆ ಹೊಡೆದಿರುತ್ತೆ ಬಿಡಿ," ಎಂದ ನೆಲ ಒರೆಸುವವನು, ಅದರ ಮೇಲೇ ಕೋಲು ಎಳೆಯುತ್ತ. "ಇಲ್ಲಿ ದಿನಾ ಹೀಗೇ."

ದಿನಾ ಹೀಗೇ ಎಂಬ ಮಾತು ಅವಳನ್ನು ಬಿಡಲಿಲ್ಲ. ಅಂಗಡಿಯಲ್ಲಿ ಪರದೆಯ ಅಂಚು ಮಡಚುತ್ತ ಎರಡು ಸಲ ಬೆರಳಿಗೆ ಸೂಜಿ ಚುಚ್ಚಿಕೊಂಡಳು. ಮನೆಯಲ್ಲಿ ಅಮ್ಮನ ಮುಖ ನೋಡಿದಾಗಲೆಲ್ಲ ಹೇಳಿಬಿಡಲೇ ಅನ್ನಿಸುತ್ತಿತ್ತು. ಹೇಗೆ ಹೇಳುವುದು? ಕೊಳಕ್ಕೆ ಹೋಗುತ್ತೇನೆ ಎನ್ನುವುದೇ ಒಂದು ರಂಪ. ಮೊದಲು ಖಾತ್ರಿಯಾಗಲಿ ಎಂದುಕೊಂಡು ಬಾಯಿಗೆ ಬೀಗ ಹಾಕಿಕೊಂಡಳು. ಪ್ರತಿ ಸಂಜೆಯೂ ಗುರುತು ಅಲ್ಲೇ ಇರುತ್ತಿತ್ತು. ಪ್ರತಿ ಸಲವೂ ಒಂದೇ ಕೈ, ಎಡದ್ದು.

ಕೊನೆಗೆ ಪರೀಕ್ಷೆಯ ದಿನ ಬಂತು. ಪರೀಕ್ಷೆ ಎಂದರೆ ನಿಜವಾದ ಸ್ಪರ್ಧೆ. ಕ್ಲಬ್ಬು ಕೊಟ್ಟ ಬಿಳಿ ಅಂಗಿ ಹಾಕಿ, ಟೋಪಿ ಇಟ್ಟು, ಒಂದು ಮಧ್ಯಾಹ್ನ ಪೂರ್ತಿ ತಪ್ಪಿಲ್ಲದೆ ನಿಂತರೆ ತೀರ್ಪುಗಾರ್ತಿಯಾದ ಹಾಗೆ. ಗ್ಯಾಲರಿ ತುಂಬಿತ್ತು. ಮಕ್ಕಳ ಹೆಸರು ಕೂಗುವವರ ಸದ್ದಿಗೆ ಮೇಲಿನ ತಗಡು ಅದುರುತ್ತಿತ್ತು. ಕಪ್ಪೆ ಈಜಿನ ಪಂದ್ಯಕ್ಕೆ ನಾಲ್ಕನೇ ಲೇನಿನಲ್ಲಿ ಹಳದಿ ಟೋಪಿಯ ಒಬ್ಬ ಹುಡುಗಿ ಬಂದಳು, ಕಪ್ಪೆಯ ವಯಸ್ಸಿನವಳೇ.

ಸೀಟಿ ಊದಿದರು. ಹಳದಿ ಟೋಪಿ ಎಲ್ಲರಿಗಿಂತ ಒಂದು ಮಾರು ಮುಂದೆ, ಏಳುತ್ತ ಮುಳುಗುತ್ತ ನೇರ ಅಕ್ಕನ ಕಡೆಗೇ ಬಂತು. ಅಕ್ಕ ಬಗ್ಗಿ ಗೋಡೆಯನ್ನೇ ನೋಡುತ್ತಿದ್ದಳು. ಎರಡು ಅಂಗೈ ಗೋಡೆಗೆ ಬಡಿದವು. ಎರಡು ಕೈ, ಅಕ್ಕಪಕ್ಕ, ಒಟ್ಟಿಗೇ. ಸರಿಯಾಗಿದೆ ಎಂದುಕೊಂಡು ಅವಳು ಕೈ ಎತ್ತಲಿಲ್ಲ. ಹುಡುಗಿ ಮೈ ತಿರುಗಿಸಿ, ಗೋಡೆ ಒದ್ದು, ಹೊರಟೇಹೋದಳು.

ಒಂದು ಕೈ ಗೋಡೆಯ ಮೇಲೇ ಉಳಿಯಿತು.

ಆಗ ಅಕ್ಕನಿಗೆ ಕಂಡದ್ದು ಅರ್ಥವಾಯಿತು. ಎರಡು ಕೈಗಳ ಹೆಬ್ಬೆರಳೂ ಒಂದೇ ದಿಕ್ಕಿಗಿದ್ದವು. ಎರಡೂ ಎಡಗೈ. ಅವಸರದಲ್ಲಿದ್ದ ಹುಡುಗಿ ಬಲಗೈಯನ್ನು ಗೋಡೆಗೆ ತಾಗುವ ಮೊದಲೇ ಹಿಂದಕ್ಕೆಳೆದುಕೊಂಡಿದ್ದಳು. ಪಕ್ಕಕ್ಕೆ ಬಂದು ತಾಗಿದ ಇನ್ನೊಂದು ಕೈ ಅವಳದಲ್ಲ. ಅದು ಈಗ ಟೈಲ್ಸಿಗೆ ಅಂಟಿಕೊಂಡಿತ್ತು, ಬಹಳ ಹೊತ್ತು ನೀರಿನಲ್ಲಿದ್ದ ಕೈಯ ಹಾಗೆ ಬಿಳಿಚಿ, ಸುಕ್ಕುಗಟ್ಟಿ, ಕಿರುಬೆರಳು ಸೊಟ್ಟಗೆ. ಮೊಣಕೈಯ ಕೆಳಗೆ ಬರೀ ನೀಲಿ ನೀರು.

ಅಕ್ಕನಿಗೆ ಹೆದರಿಕೆಯಾಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ಹೆದರಿಕೆಗಿಂತ ದೊಡ್ಡದಾಗಿ ಅವಳನ್ನು ಹಿಂಡಿದ್ದು ಸಂಕಟ. ಒಂದೇ ಕೈ. ಅಂದೂ ಒಂದೇ ಕೈ ತಾಗಿತ್ತು. ಮೇಷ್ಟ್ರು ಕಂಡೇ ಎತ್ತಿದ್ದರು. ಆ ತೀರ್ಪನ್ನು ಹುಡುಗ ಒಪ್ಪಿರಲಿಲ್ಲ, ಮನೆಯವರು ಎರಡೂ ಮುಟ್ಟಿಸಿದ್ದೆ ಎಂದು ಅವನ ಕಿವಿಗೆ ತುಂಬಿ ಕಳಿಸಿದ್ದರು. ಅಂದಿನಿಂದ ಅವನು ಬರುತ್ತಿದ್ದಾನೆ, ಮುಟ್ಟುತ್ತಿದ್ದಾನೆ, ಕಾಯುತ್ತಿದ್ದಾನೆ. ಮನೆಯವರು ಯಾರಾದರೂ ಒಬ್ಬರು ನಿಜ ಹೇಳಲಿ ಅಂತ ಕಾಯುತ್ತಿದ್ದಾನೆ ಎಂದು ಅವಳಿಗೆ ಖಂಡಿತವಾಗಿ ಅನ್ನಿಸಿತು.

"ಒಂದೇ ಕಣೋ ಕಪ್ಪೆ," ಎಂದಳು. "ಒಂದೇ ಕೈ ಮುಟ್ಟಿಸಿದ್ದೆ ನೀನು. ಮುಗೀತು. ಇನ್ನು ಹೋಗು ಮರಿ."

ಅಷ್ಟು ಹೇಳಿ ಬಲಗೈಯನ್ನು ತಲೆಯ ಮೇಲೆ ನೆಟ್ಟಗೆ ಎತ್ತಿದಳು.

ಗೋಡೆಯ ಮೇಲಿನ ಬೆರಳುಗಳು ಒಂದೊಂದಾಗಿ ಸಡಿಲವಾದವು. ಸೊಟ್ಟ ಬೆರಳು ಕೊನೆಗೆ ಬಿಟ್ಟಿತು. ಕೈ ಜಾರಿ ನೀರಿನೊಳಗೆ ಹೋಯಿತು, ಅಲೆ ಕೂಡ ಏಳಲಿಲ್ಲ.

ಪಂದ್ಯ ಮುಗಿದು ಹಳದಿ ಟೋಪಿ ಗೆದ್ದು ಕುಣಿಯುತ್ತಿದ್ದಾಗ ಸೀಟಿ ಮೇಷ್ಟ್ರು ಬಂದರು. ಅಕ್ಕನ ಕೈ ಇನ್ನೂ ಮೇಲೆಯೇ ಇತ್ತು. ಅವರೇ ಅದನ್ನು ಹಿಡಿದು ಕೆಳಗಿಳಿಸಿದರು.

"ಹುಡುಗಿ ತಿರುಗಿ ಅರ್ಧ ದಾರಿ ಹೋದ ಮೇಲೆ ಎತ್ತಿದ್ರಿ. ಲೆಕ್ಕಕ್ಕಿಲ್ಲ. ಅವಳು ಗೆದ್ದಂಗೇ."

"ಅವಳಿಗೆ ಎತ್ತಿದ್ದಲ್ಲ ಸರ್."

ಮೇಷ್ಟ್ರು ಮತ್ತೆ ಯಾರಿಗೆ ಎಂದು ಕೇಳಲಿಲ್ಲ. ಟೋಪಿ ತೆಗೆದು ಹಣೆ ಒರೆಸಿಕೊಂಡರು. "ಪ್ರತಿ ವರ್ಷ ಹೊಸಬರು ಯಾರಾದ್ರೂ ಈ ಲೇನಲ್ಲಿ ತಪ್ಪು ಮಾಡ್ತಾರೆ," ಎಂದರು ಮೆಲ್ಲಗೆ. "ಎರಡು ಕೈ ಕಂಡೆ ಅಂತಾರೆ. ಯಾವ ಕೈ ಅಂತ ನಾನು ಕೇಳೋದಿಲ್ಲ." ಆಮೇಲೆ ಅವಳ ಮುಖವನ್ನು ಮೊದಲ ಸಲ ದಿಟ್ಟಿಸಿ ನೋಡಿದರು. "ನೀವು ಆ ಹುಡುಗನಿಗೆ..."

"ಅಕ್ಕ."

ಮೇಷ್ಟ್ರು ಕುತ್ತಿಗೆಯ ಸೀಟಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. "ನಾನು ಕಂಡೇ ಎತ್ತಿದ್ದೆ ತಾಯಿ."

"ಗೊತ್ತಾಯ್ತು ಸರ್."

ಅವಳನ್ನು ಪಾಸು ಮಾಡಲು ಬರುವಂತಿರಲಿಲ್ಲ. ಅದಕ್ಕಾಗಿ ಅವಳಿಗೆ ಬೇಸರವೂ ಇರಲಿಲ್ಲ. ಬಿಳಿ ಅಂಗಿ ಮಡಚಿ, ಟೋಪಿ, ಸೀಟಿಯ ಜೊತೆ ಕೊಟ್ಟು ಹೊರಡುವ ಮೊದಲು ಒಮ್ಮೆ ನಾಲ್ಕನೇ ಲೇನಿನ ತುದಿಗೆ ಹೋಗಿ ನೋಡಿದಳು. ಟೈಲ್ಸು ಒಣಗಿತ್ತು. ದಾರಿಯುದ್ದಕ್ಕೂ ಅವಳು ಅಳುತ್ತಲೇ ನಡೆದಳು, ಆದರೂ ಭುಜದ ಮೇಲಿನ ಭಾರ ಇಳಿದಂತಿತ್ತು. ಒಳ್ಳೆಯದು ಮಾಡಿದೆ ಅಂದುಕೊಂಡಿದ್ದಳು.

ಅಮ್ಮ ಕಿಟಕಿಯ ಬಳಿ ಕೂತು ಹಳೇ ಅಂಗಿಗಳ ಗುಂಡಿ ಕೀಳುತ್ತಿದ್ದಳು. ಅಕ್ಕ ಎದುರಿಗೆ ನೆಲದ ಮೇಲೆ ಕೂತು ಒಂದೂ ಬಿಡದೆ ಹೇಳಿದಳು. ಬಾಗಿಲ ಮೇಲಿನ ಹಾಳೆ, ತರಬೇತಿ, ಪ್ರತಿ ಸಂಜೆಯ ಒದ್ದೆ ಗುರುತು, ಸೊಟ್ಟ ಬೆರಳು, ತಾನು ಎತ್ತಿದ ಕೈ. ಅಮ್ಮ ರೇಗುತ್ತಾಳೆ, ಸುಳ್ಳು ಅನ್ನುತ್ತಾಳೆ, ಎರಡೂ ಮುಟ್ಟಿಸಿದ್ದ ಎಂದು ಜಗಳಕ್ಕೆ ಬರುತ್ತಾಳೆ ಎಂದುಕೊಂಡಿದ್ದಳು. ಅಮ್ಮ ಕತ್ತರಿ ಕೆಳಗಿಟ್ಟಳು.

"ಒಂದೇ ಅಂತ ನನಗೆ ಗೊತ್ತಿತ್ತು," ಎಂದಳು. "ಗ್ಯಾಲರೀಲಿ ಇದ್ದೆನಲ್ಲ. ಉಣ್ಣಲಿ ಅಂತ ಹಾಗೆ ಹೇಳಿದ್ದೆ."

ಅಮ್ಮ ಕೆಳಗೆ ಬಿದ್ದಿದ್ದ ಗುಂಡಿಯೊಂದನ್ನು ಎತ್ತಿಕೊಂಡಳು.

"ಎಷ್ಟು ದಿನದಿಂದ ನೋಡ್ತಿದ್ದೆ ನೀನು ಅದನ್ನ?"

"ಎರಡನೇ ವಾರದಿಂದ ಅಮ್ಮ."

"ದಿನಾ ಇತ್ತಾ?"

"ದಿನಾ ಇತ್ತು."

ಅಮ್ಮ ತನ್ನ ಎರಡೂ ಕೈಗಳನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡು ನೋಡಿಕೊಂಡಳು. ಆಮೇಲೆ ಮಗಳ ಕಡೆ ತಿರುಗಿದಳು. ಆ ಮುಖದಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಅಕ್ಕ ತಡೆದುಕೊಳ್ಳುತ್ತಿದ್ದಳು.

"ಇಷ್ಟು ದಿನ ಅಲ್ಲಿ ಅವನ ಕೈ ಇತ್ತು," ಎಂದಳು ಅಮ್ಮ. "ಒಂದು ಮಾತು ಹೇಳಬಾರದಿತ್ತೇನೇ? ನಾನು ಬಂದು ಹಿಡ್ಕೊತಿದ್ದೆನಲ್ಲೇ."