ಹಿಂದೆ ನಿಂತು ನೋಡುವವರು

ತಮ್ಮನ ಹಟ ಅಂದರೆ ಹಟ. ಅಣ್ಣನದೂ ಕಡಿಮೆಯೇನಲ್ಲ, ಒಂದೇ ಬಳ್ಳಿಯ ಕಾಯಿಗಳು. ಅಮ್ಮ ಹೋದ ಮೇಲೆ ಮನೆ ಪಾಲಾಯಿತು, ಜೊತೆಗೆ ರಿಪೇರಿ ಸಾಮಾನಿನ ಪೆಟ್ಟಿಗೆಯೂ ಪಾಲಾಯಿತು. ಸ್ಪ್ಯಾನರುಗಳು ತಮ್ಮನಿಗೆ, ಕಬ್ಬಿಣ ಉಜ್ಜುವ ಅರ ಅಣ್ಣನಿಗೆ. ಆ ಪೆಟ್ಟಿಗೆಯ ಮೇಲೇ ಮಾತಿಗೆ ಮಾತು ಬೆಳೆದು, ಕೊನೆಗೆ ಮಾತೇ ನಿಂತಿತು. ಇಬ್ಬರೂ ಒಂದೇ ಗೋದಾಮಿನಿಂದ ಅಂಗಡಿಗಳಿಗೆ ವ್ಯಾನಿನಲ್ಲಿ ಸರಕು ಸಾಗಿಸುವವರು. ಎದುರಾದರೆ ಒಬ್ಬ ಆಕಾಶ ನೋಡುತ್ತಿದ್ದ, ಇನ್ನೊಬ್ಬ ಟೈರು ನೋಡುತ್ತಿದ್ದ.

ತಮ್ಮನ ವ್ಯಾನಿನ ಹಿಂದಿನ ಲೈಟುಗಳು ಮಂಕಾಗಿದ್ದವು, ಯಾರಾದರೂ ಬಂದು ಗುದ್ದುವುದೊಂದು ಬಾಕಿ. ಹೆಚ್ಚಿಗೆ ಎರಡು ಲೈಟು ತಂದು, ಒಂದು ಭಾನುವಾರದ ಬಿಸಿಲಲ್ಲಿ ತಾನೇ ಕೂರಿಸಲು ಹೊರಟ. ಮೊದಲಾದರೆ ಇದು ಇಬ್ಬರ ಕೆಲಸ. ಅರ್ತ್ ವೈರು ಬಿಗಿಯುವ ಕಡೆ ಬಣ್ಣವೆಲ್ಲ ಹೋಗಿ ತಗಡು ಹೊಳೆಯುವ ತನಕ ಅಣ್ಣ ಅರದಿಂದ ಉಜ್ಜುತ್ತಿದ್ದ; ಬಣ್ಣ ಉಳಿದರೆ ಕರೆಂಟು ಸರಿಯಾಗಿ ಹರಿಯದು. ಆಮೇಲೆ ಇವನು ಬ್ರೇಕ್ ಒತ್ತಿದರೆ, ಹಿಂದೆ ನಿಂತು "ಹತ್ತಿತು" ಎನ್ನುತ್ತಿದ್ದ.

ಈಗ ಅರ ಗೋಡೆಯಾಚೆ. ಹೋಗಿ ಕೇಳುವುದೇ? ಸತ್ತರೂ ಇಲ್ಲ. ಹಳೆ ಲೈಟಿನ ವೈರನ್ನೂ ಸೇರಿಸಿ, ಬಣ್ಣದ ಮೇಲೆಯೇ ಬಿಗಿದುಬಿಟ್ಟ. ಹಗಲಲ್ಲವೇ ಎಂದು ಹೆಡ್‌ಲೈಟ್ ಹಾಕದೆ, ಬ್ರೇಕ್ ಪೆಡಲಿಗೂ ಸೀಟಿಗೂ ನಡುವೆ ಕೋಲು ಸಿಕ್ಕಿಸಿ ಹಿಂದೆ ಹೋಗಿ ನೋಡಿದ. "ಹತ್ತಿತು," ಎಂದು ತಾನೇ ಹೇಳಿಕೊಂಡ. ಖಾಲಿ ಅಂಗಳದಲ್ಲಿ ತನ್ನ ದನಿ ತನಗೇ ಕೇಳಿ ನಾಚಿಕೆಯಾಯಿತು.

ಮರುದಿನ ಸಂಜೆಯಿಂದ ಹೊಸ ಕಾಟ ಶುರುವಾಯಿತು. ಮನೆಗೆ ಹೊರಟರೆ ಕನ್ನಡಿಯಲ್ಲಿ ಅಣ್ಣನ ವ್ಯಾನು. ಬದಿಗೆ ಸರಿದು ದಾರಿ ಬಿಟ್ಟರೂ ಮುಂದೆ ಹೋಗದು. ನಾಲ್ಕೂ ಇಂಡಿಕೇಟರ್ ಮಿನುಗಿಸುತ್ತಾ ಬಾಲದ ಹಾಗೆ ಬರುತ್ತಿತ್ತು. ಹಂಗಿಸುವುದಕ್ಕೇ ಹೀಗೆ ಮಾಡುತ್ತಿದ್ದಾನೆಂದು ತಮ್ಮ ಹಲ್ಲು ಕಡಿದ. ಆದರೆ ಒಬ್ಬನೇ ಊಟಕ್ಕೆ ಕುಳಿತಾಗ, ಇಡೀ ದಿನದಲ್ಲಿ ತನ್ನ ಜೊತೆ ಬಂದದ್ದು ಆ ದೀಪಗಳು ಮಾತ್ರ ಅನ್ನಿಸಿ ಅರ್ಧ ಊಟಕ್ಕೇ ಎದ್ದುಬಿಟ್ಟ.

ಕೊನೆಗೆ ಒಂದು ಸಂಜೆ ತಡೆಯಲಾಗದೆ, ಮನೆ ಮುಂದೆ ಇಳಿದವನೇ ಕೂಗಾಡಿದ. "ಯಾಕೆ ನನ್ನ ಬೆನ್ನು ಬಿದ್ದಿದೀಯ? ರಸ್ತೇನೂ ನಿನ್ನ ಪಾಲಿಗೆ ಬಂತಾ?"

ಅಣ್ಣ ಟೈರು ನೋಡುತ್ತಲೇ ಹೇಳಿದ. "ಹೆಡ್‌ಲೈಟ್ ಹಾಕ್ಕೊಂಡು ನೀನು ಬ್ರೇಕ್ ಒತ್ತಿದ್ರೆ ಹಿಂದಿನ ಲೈಟೆಲ್ಲ ಆರಿಹೋಗುತ್ತೆ ಕಣೋ. ಬಣ್ಣ ಕೆರೆದಿಲ್ಲ ನೀನು. ಯಾವನಾದ್ರೂ ಬಂದು ಗುದ್ದಿದ್ರೆ? ಅದಕ್ಕೇ ಅಡ್ಡ ಇದ್ದೆ."

"ಬಾಯಿಬಿಟ್ಟು ಹೇಳಬಾರದಿತ್ತಾ?"

"ಹೇಳಿದ್ರೆ ಕೇಳೋ ಜಾತಿನಾ ನೀನು?"

ಅಣ್ಣ ಒಳಗೆ ಹೋಗಿ ಅರ ತಂದು ಇವನ ಕೈಗಿಟ್ಟು ತಿರುಗಿದ. ಅರ ಹಿಡಿದು ನಿಂತ ತಮ್ಮನಿಗೆ ಒಮ್ಮೆಲೇ ಹೆದರಿಕೆಯಾಯಿತು. ಲೈಟು ಸರಿಹೋದರೆ ನಾಳೆಯಿಂದ ಕನ್ನಡಿ ಖಾಲಿ.

"ಅಣ್ಣಾ," ಎಂದ. ಆ ಮಾತು ಬಾಯಿಗೆ ಬಂದು ಎಷ್ಟು ಕಾಲವಾಗಿತ್ತೋ. "ಹಿಂದೆ ನಿಂತು ನೋಡ್ತೀಯಾ?"

ಬಣ್ಣ ಕೆರೆದು, ವೈರು ಬಿಗಿದು, ಹೆಡ್‌ಲೈಟ್ ಹಾಕಿ ಬ್ರೇಕ್ ಒತ್ತಿದ. ಕನ್ನಡಿಯಲ್ಲಿ ಹಿಂದಿನ ಗೋಡೆಯೆಲ್ಲ ಕೆಂಪಾಯಿತು. ಕುರುಡನಿಗೂ ಕಾಣುವಷ್ಟು ಬೆಳಕು.

"ಹತ್ತಿತಾ?"

ಅಣ್ಣ ಹೊಳೆಯುವ ಲೈಟುಗಳನ್ನೇ ನೋಡುತ್ತಿದ್ದ.

"ಸರಿಯಾಗಿ ಕಾಣ್ಲಿಲ್ಲ," ಎಂದ. "ಇನ್ನೊಂದ್ಸಲ ಒತ್ತು."

ತಮ್ಮ ಒತ್ತಿದ.